ಬಲಗಡೆ ಒಡೆದವರು ಯಾರು

ಇಪ್ಪತ್ತನಾಲ್ಕನೇ ತಾರೀಖು, ಸೋಮವಾರ, ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು ಠಾಣೆಗೆ ಬಂದರು. ಕೈಯಲ್ಲಿ ನಾಲ್ಕು ಪುಟದ ದೂರು. ಅಂಚು ಬಿಟ್ಟು, ಪುಟಸಂಖ್ಯೆ ಹಾಕಿ, ಮುಖ್ಯವಾದ ಕಡೆ ಅಡಿಗೆರೆ ಎಳೆದು ಬರೆದದ್ದು. ಪಹರೆಯವನು "ಕೂತ್ಕೊಳ್ಳಿ, ಸಾಹೇಬ್ರು ಬಿಜಿ ಇದಾರೆ" ಎಂದ. ಅವರು ಕೂರಲಿಲ್ಲ. ಒಳಗೆ ಇನ್‌ಸ್ಪೆಕ್ಟರ್ ಬಿಜಿ ಇದ್ದದ್ದೂ ಅಷ್ಟಕ್ಕಷ್ಟೆ. ಮೇಲಿನ ಕಚೇರಿಯಿಂದ ಬಂದ ಬಾಕಿ ಪ್ರಕರಣಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಹಲ್ಲು ಕಡಿಯುತ್ತಿದ್ದರು. ಹನ್ನೊಂದು ಬಾಕಿ, ತಿಂಗಳ ಕೊನೆಗೆ ಆರಾದರೂ ಮುಗಿದಿರಬೇಕು ಎಂದು ಆಜ್ಞೆ.

"ಏನಮ್ಮ ವಿಷಯ?"

"ನನ್ನ ಕಾರಿನ ಎಡಗಡೆ ಒಡೆದವಳು ನಾನು. ಬಲಗಡೆ ಒಡೆದವರು ಯಾರು? ಅದು ವಿಷಯ."

ಇನ್‌ಸ್ಪೆಕ್ಟರಿಗೆ ಅರ್ಥವಾಗಲಿಲ್ಲ. ಹೆಡ್‌ಮಿಸ್ಟ್ರೆಸ್ ಪಾಠ ಒಪ್ಪಿಸಿದಂತೆ ಹೇಳಿದರು. ಎರಡನೇ ತಾರೀಖು ಸಂಜೆ ಐದಕ್ಕೆ ತಮ್ಮ ಮನೆಯ ಗೇಟಿನೊಳಗೆ ಕಾರು ತಿರುಗಿಸುವಾಗ ಎಡಗಡೆ ಕಂಬಕ್ಕೆ ತಾಗಿತು. ಎಡ ಹೆಡ್‌ಲೈಟ್ ಒಡೆಯಿತು, ಬಂಪರಿನ ಎಡ ಮೂಲೆ ಹೋಯಿತು. ತಪ್ಪು ಅವರದೇ. ಮಾರನೇ ದಿನ ಬೆಳಗ್ಗೆ ತಾವೇ ಓಡಿಸಿಕೊಂಡು ಹೋಗಿ ಗ್ಯಾರೇಜಿಗೆ ಬಿಟ್ಟರು. ಇಂಜಿನ್ನಿನ ಕಡೆಯಿಂದ ಒಂದು ತಿಂಗಳಿಂದ ಏನೋ ಗೊಂಯ್ ಎನ್ನುವ ಶಬ್ದ ಬರುತ್ತಿತ್ತು, ಅದನ್ನೂ ನೋಡಿ ಎಂದು ಹೇಳಿ ಬಂದರು. ವಿಮೆಯ ಅರ್ಜಿ ತುಂಬಿದರು. ಮೊನ್ನೆ ಇಪ್ಪತ್ತಕ್ಕೆ ಕಂಪನಿಯ ಕಾಗದ ಬಂತು. ಕಾರಿನ ಎರಡೂ ಬದಿ ಹಾನಿಯಾಗಿದೆ, ಒಂದು ಕಂಬಕ್ಕೆ ತಾಗಿದರೆ ಎರಡು ಬದಿ ಒಡೆಯುವುದಿಲ್ಲ, ಆದ್ದರಿಂದ ಕ್ಲೇಮು ತಿರಸ್ಕರಿಸಲಾಗಿದೆ.

"ಕೊನೇ ಸಾಲು ಓದಿ," ಎಂದು ಕಾಗದವನ್ನು ಮೇಜಿನ ಮೇಲೆ ತಳ್ಳಿದರು.

'ವಿಮೆದಾರರು ಉದ್ದೇಶಪೂರ್ವಕವಾಗಿ ಸತ್ಯವನ್ನು ಮರೆಮಾಚಿದ್ದಾರೆ' ಎಂದಿತ್ತು. ಅದರ ಕೆಳಗೆ ಕೆಂಪು ಶಾಯಿಯ ಅಡಿಗೆರೆ ದೂರುದಾರರದೇ.

"ಮೂವತ್ತಾರು ವರ್ಷ ಮಕ್ಕಳ ಸುಳ್ಳು ಹಿಡಿದವಳು ನಾನು. ಈ ವಯಸ್ಸಲ್ಲಿ ಯಾವನೋ ನನ್ನನ್ನೇ ಸುಳ್ಳಿ ಅಂತ ಅಚ್ಚು ಹಾಕಿಸಿ ಕಳಿಸ್ತಾನೆ."

"ಇದು ಸಿವಿಲ್ ವಿಷಯ. ಗ್ರಾಹಕರ ವೇದಿಕೆಗೆ ಹೋಗಿ," ಎಂದು ಇನ್‌ಸ್ಪೆಕ್ಟರ್ ಕಡ್ಡಿ ಮುರಿದಂತೆ ಹೇಳಿ ಪಟ್ಟಿಗೆ ತಿರುಗಿದರು.

"ನನ್ನ ಕಾರನ್ನ ನನಗೆ ಹೇಳದೆ ಒಡೆದಿದಾರೆ. ಅದು ಸಿವಿಲ್ಲಾ?"

"ಯಾರು ಒಡೆದ್ರು ಅಂತ ನಿಮಗೇ ಗೊತ್ತಿಲ್ಲ."

"ಗೊತ್ತಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ?"

ಪಕ್ಕದ ಮೇಜಿನಲ್ಲಿ ಕಡತ ಕಟ್ಟುತ್ತಿದ್ದ ಮಹಿಳಾ ಹೆಡ್ ಕಾನ್ಸ್‌ಟೇಬಲ್ ತಲೆ ಎತ್ತಿದರು. ಹದಿನೆಂಟು ವರ್ಷದ ಸರ್ವಿಸು, ಮಾತು ಕಡಿಮೆ.

"ಕಾರಿನ ಬಣ್ಣ ಯಾವುದು ಮೇಡಂ?"

"ಬೂದು ನೀಲಿ."

"ಮೂರನೇ ತಾರೀಖಿನಿಂದ ಗ್ಯಾರೇಜಲ್ಲೇ ಇದೆಯಾ?"

"ಅಲ್ಲೇ ಕೊಳೀತಿದೆ."

ಹೆಡ್ ಕಾನ್ಸ್‌ಟೇಬಲ್ ಎದ್ದು ಹೋಗಿ ಕಪಾಟಿನಿಂದ ಒಂದು ತೆಳುವಾದ ಕಡತವನ್ನು ತಂದು ಇನ್‌ಸ್ಪೆಕ್ಟರ ಮುಂದಿಟ್ಟರು. ಪತ್ತೆಯಾಗಲಿಲ್ಲ ಎಂದು ವರದಿ ಬರೆದು ಮುಚ್ಚಿಬಿಡಲು ಇನ್‌ಸ್ಪೆಕ್ಟರ್ ಆರಿಸಿಟ್ಟಿದ್ದ ಆರು ಕಡತಗಳಲ್ಲಿ ಅದೂ ಒಂದು.

ಐದನೇ ತಾರೀಖು, ಬೆಳಗ್ಗೆ ಐದು ನಲವತ್ತು. ಮಾರುಕಟ್ಟೆಯ ಹಿಂದಿನ ರಸ್ತೆ. ನಗರಸಭೆಯ ಗುತ್ತಿಗೆಯಲ್ಲಿ ಕಸ ಗುಡಿಸುವ ಹೆಂಗಸು, ವಯಸ್ಸು ನಲವತ್ತಮೂರು. ಕಬ್ಬಿಣದ ಕೈಗಾಡಿ ತಳ್ಳಿಕೊಂಡು ಹೋಗುತ್ತಿದ್ದಾಗ ಕಾರೊಂದು ಗಾಡಿಗೆ ಗುದ್ದಿತು. ಗಾಡಿ ಅವಳ ಮೇಲೆ ಬಿತ್ತು. ಬಲಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿದೆ. ಅಪರಿಚಿತ ವಾಹನದ ಮೇಲೆ ಎಫ್‌ಐಆರ್. ಸ್ಥಳ ಪಂಚನಾಮೆಯಲ್ಲಿ ವಶಪಡಿಸಿಕೊಂಡದ್ದು ಹೆಡ್‌ಲೈಟಿನ ಪ್ಲಾಸ್ಟಿಕ್ಕಿನ ಮೂರು ಚೂರು, ಹೆಬ್ಬೆರಳ ಉಗುರಿನಷ್ಟು ಬಣ್ಣದ ಹಕ್ಕಳೆ. ಬಣ್ಣ, ಬೂದು ನೀಲಿ.

ಗಾಯಾಳುವಿನ ಹೇಳಿಕೆ ಅರ್ಧ ಪುಟವೂ ಇರಲಿಲ್ಲ. 'ಕಾರು ಜೋರಾಗಿ ಬರಲಿಲ್ಲ. ಓಡಿಸುತ್ತಿದ್ದವನು ಸ್ಟೀರಿಂಗಿನ ಮೇಲೆ ತಲೆ ಇಟ್ಟು ಮಲಗಿದ್ದ. ನಾನು ಕೂಗಿದೆ, ಏಳಲಿಲ್ಲ.' ಅವಳನ್ನು ಮುಳುಗಿಸಿದ್ದು ಈ ಒಂದು ಮಾತು. ಮಲಗಿದವನು ಓಡಿಸಿದ ಕಾರು ಮುಂದಿನ ತಿರುವಿನಲ್ಲಿ ಸರಿಯಾಗಿ ತಿರುಗಿ ಹೋದದ್ದು ಹೇಗೆ ಎಂದು ಠಾಣೆಯಲ್ಲೂ ನಕ್ಕರು, ನಗರಸಭೆಯಲ್ಲೂ ನಕ್ಕರು. ಅವಳ ಮೇಸ್ತ್ರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾರೂ ಇಲ್ಲ ಏನೂ ಇಲ್ಲ, ಚರಂಡಿ ಕಲ್ಲಿನ ಮೇಲೆ ತಾನೇ ಜಾರಿ ಬಿದ್ದು ಕತೆ ಕಟ್ಟಿದ್ದಾಳೆ ಎಂದು ಬರೆದುಕೊಟ್ಟ. ಇಪ್ಪತ್ತೆಂಟನೇ ತಾರೀಖು ವಿಚಾರಣೆ ಇತ್ತು. ಅಷ್ಟರೊಳಗೆ ಕಾರು ಸಿಕ್ಕದಿದ್ದರೆ ಸುಳ್ಳು ವರದಿ ಕೊಟ್ಟವಳೆಂದು ಅವಳ ಕೆಲಸ ಹೋಗುತ್ತಿತ್ತು.

ಇನ್‌ಸ್ಪೆಕ್ಟರ್ ಕಡತ ಮುಚ್ಚಿದರು. ಹೆಡ್‌ಮಿಸ್ಟ್ರೆಸ್ ಕಡೆ ನೋಡಿ, ಮನಸ್ಸಿಲ್ಲದ ಮನಸ್ಸಿನಿಂದ, "ಕೂತ್ಕೊಳ್ಳಿ" ಎಂದರು.

"ಈಗ ಕೂರ್ತೀನಿ," ಎಂದು ಅವರು ಕುಳಿತರು.

ಮಧ್ಯಾಹ್ನ ಹನ್ನೆರಡು ಹದಿನೈದಕ್ಕೆ ಇನ್‌ಸ್ಪೆಕ್ಟರ್, ಹೆಡ್ ಕಾನ್ಸ್‌ಟೇಬಲ್ ಮತ್ತು ಒಬ್ಬ ಕಾನ್ಸ್‌ಟೇಬಲ್ ಗ್ಯಾರೇಜಿಗೆ ಹೋದರು. ತಗಡಿನ ಮಾಡು, ಆಯಿಲ್ ಕುಡಿದು ಕಪ್ಪಾದ ನೆಲ, ಎರಡು ಗುಂಡಿ, ಒಂದು ಲಿಫ್ಟು. ಬೂದು ನೀಲಿ ಕಾರು ಮೂಲೆಯಲ್ಲಿ ನಿಂತಿತ್ತು. ಮುಂದಿನ ಭಾಗಕ್ಕೆ ಹೊಸ ಸಾಮಾನು ಕೂಡಿಸಿಯಾಗಿತ್ತು, ಬಣ್ಣ ಬಾಕಿ. ಮಾಲೀಕ ಕೈ ಒರೆಸಿಕೊಳ್ಳುತ್ತ ಬಂದವನು ಖಾಕಿ ನೋಡಿಯೂ ನಗಲಿಲ್ಲ.

"ಆ ಟೀಚರಮ್ಮ ಕಂಪ್ಲೇಂಟ್ ಕೊಟ್ರಾ? ಕೊಡ್ಲಿ. ಕಾರು ಬಂದಿದ್ದೇ ಹಾಗೆ ಸರ್. ಎರಡೂ ಕಡೆ ಹೋಗಿತ್ತು."

"ಜಾಬ್ ಕಾರ್ಡ್ ತನ್ನಿ."

ಜಾಬ್ ಕಾರ್ಡಿನಲ್ಲಿ ಕಾರಿನ ಚಿತ್ರ ಅಚ್ಚಾಗಿರುತ್ತದೆ. ಕಾರು ಒಳಗೆ ಬಂದಾಗ ಎಲ್ಲೆಲ್ಲಿ ಏಟು ಬಿದ್ದಿದೆಯೋ ಅಲ್ಲಿ ಸುತ್ತು ಹಾಕುತ್ತಾರೆ. ಎಡಗಡೆ ನೀಲಿ ಪೆನ್ನಿನ ಒಂದು ಸುತ್ತಿತ್ತು. ಬಲಗಡೆ ಇನ್ನೊಂದು ಸುತ್ತು, ಅದು ಕಪ್ಪು. ಕೆಳಗೆ ಗಾಡಿ ಓಡಿದ ಕಿಲೋಮೀಟರ್, 41,862.

"ಎರಡು ಪೆನ್ನು ಯಾಕೆ?"

"ಒಂದರಲ್ಲಿ ಇಂಕು ಖಾಲಿ ಆಗಿರ್ಬೇಕು."

"ಒಂದೇ ಸುತ್ತು ಹಾಕೋದ್ರೊಳಗಾ?"

ಅಷ್ಟರಲ್ಲಿ ಫೋನ್ ಮಾಡಿ ಕರೆಸಿದ್ದ ವಿಮೆಯ ಸರ್ವೇಯರ್ ಬಂದ. ಬರುವಾಗಲೇ ಮೂಗಿನ ತುದಿಯಲ್ಲಿ ಕೋಪ. ಅವನ ಹಿಂದೆಯೇ, ಯಾರೂ ಕರೆಯದಿದ್ದರೂ, ಹೆಡ್‌ಮಿಸ್ಟ್ರೆಸ್ ಆಟೋದಿಂದ ಇಳಿದರು. ಆಮೇಲೆ ಹತ್ತು ನಿಮಿಷ ಗ್ಯಾರೇಜು ಸಂತೆಯಾಯಿತು.

"ಇವರೇ ತಾನೇ ನನ್ನನ್ನ ಸುಳ್ಳಿ ಅಂದೋರು?"

"ನಾನು ಕಣ್ಣಿಗೆ ಕಂಡಿದ್ದು ಬರೆದಿದೀನಿ ಮೇಡಂ. ಕಂಡಿದ್ದು ಬರೆಯೋಕೇ ನನಗೆ ಸಂಬಳ."

"ಇವನು ಬರೆದಿದ್ದರಿಂದ ನನ್ನ ಕೆಲಸ ನಿಂತುಹೋಯ್ತು ಸರ್," ಎಂದ ಮಾಲೀಕ. "ಬಾಯಲ್ಲಿ ಮಾಡಿ ಅಂದ, ಕಾಗದದಲ್ಲಿ ಇಲ್ಲ ಅಂದ."

"ಮಾಡಿ ಅಂತ ನಾನು ಯಾವಾಗ ಹೇಳಿದೆ? ಬಿಚ್ಚಿ, ನೋಡೋಣ ಅಂದೆ."

"ನೋಡೋಣ ಅಂದ್ರೆ ಮಾಡಿ ಅಂತಲೇ. ಇಪ್ಪತ್ತು ವರ್ಷದಿಂದ ಈ ಲೈನಲ್ಲಿ ಅದೇ ಅರ್ಥ."

ಎತ್ತು ಏರಿಗೆ, ಕೋಣ ನೀರಿಗೆ. ಇನ್‌ಸ್ಪೆಕ್ಟರ್ ಟೋಪಿ ತೆಗೆದು ಕಾರಿನ ಬಾನೆಟ್ಟಿನ ಮೇಲೆ ಟಪ್ಪೆಂದು ಇಟ್ಟಾಗ ಮೂವರೂ ಬಾಯಿ ಮುಚ್ಚಿದರು. ಅವರು ಸರ್ವೇಯರನ ಕಡೆ ತಿರುಗಿದರು.

"ನೀವು ಬಂದು ನೋಡಿದ್ದು ಯಾವತ್ತು?"

"ಆರನೇ ತಾರೀಖು, ಬೆಳಗ್ಗೆ ಹನ್ನೊಂದು ಗಂಟೆ."

"ಫೋಟೋ?"

ಸರ್ವೇಯರ್ ಮೊಬೈಲು ಚಾಚಿದ. ಎರಡೂ ಬದಿ ಒಡೆದಿದ್ದ ಕಾರಿನ ಹದಿನಾಲ್ಕು ಫೋಟೋ. ಹದಿನೈದನೆಯದು ಕಿಲೋಮೀಟರಿನದು, ಈ ಕೆಲಸದವರು ಅದನ್ನು ತೆಗೆಯದೆ ಬಿಡುವುದಿಲ್ಲ. 41,871.

ಹೆಡ್ ಕಾನ್ಸ್‌ಟೇಬಲ್ ಜಾಬ್ ಕಾರ್ಡನ್ನು ಅದರ ಪಕ್ಕದಲ್ಲಿ ಹಿಡಿದರು. ಮೂರನೇ ತಾರೀಖಿಗೂ ಆರನೇ ತಾರೀಖಿಗೂ ನಡುವೆ, ಗ್ಯಾರೇಜಿನಲ್ಲಿ ನಿಂತಿರಬೇಕಾದ ಕಾರು ಒಂಬತ್ತು ಕಿಲೋಮೀಟರ್ ಓಡಿತ್ತು.

"ಬಿಚ್ಚಿದ ಹಳೇ ಸಾಮಾನೆಲ್ಲಿ?" ಎಂದರು ಇನ್‌ಸ್ಪೆಕ್ಟರ್.

ವಿಮೆಯ ಕೆಲಸದಲ್ಲಿ ಹಳೇ ಸಾಮಾನನ್ನು ಬಿಸಾಡುವಂತಿಲ್ಲ. ಸರ್ವೇಯರ್ ಎರಡನೇ ಸಲ ನೋಡಿ, ಗಾಡಿಯ ಯಜಮಾನರು ಸಹಿ ಹಾಕುವ ತನಕ, ಒಂದೊಂದಕ್ಕೂ ತಂತಿಯಲ್ಲಿ ಚೀಟಿ ಕಟ್ಟಿ ಹಿಂದಿನ ಶೆಡ್ಡಿನಲ್ಲಿ ಇಡುತ್ತಾರೆ. ಶೆಡ್ಡಿನಲ್ಲಿ ಒಡೆದ ಬಂಪರ್ ಇತ್ತು, ಎಡ ಹೆಡ್‌ಲೈಟ್ ಇತ್ತು, ಚಿಕ್ಕಪುಟ್ಟ ಹಿಡಿಕೆಗಳಿದ್ದವು. ಬಲ ಹೆಡ್‌ಲೈಟ್ ಇರಲಿಲ್ಲ. ಮಾಲೀಕ ಎಲ್ಲವನ್ನೂ ಎರಡು ಸಲ ಮಗುಚಿ ಹಾಕಿದ. ಅವನ ಮುಖದಲ್ಲಿದ್ದ ಬೆರಗು ನಟನೆಯಂತೆ ಕಾಣಲಿಲ್ಲ.

"ಗುರುವಾರದ ತನಕ ಇಲ್ಲೇ ಇತ್ತು ಸರ್. ನಾನೇ ನೋಡಿದೀನಿ."

ಗುರುವಾರವೆಂದರೆ ಇಪ್ಪತ್ತನೇ ತಾರೀಖು. ಹೆಡ್‌ಮಿಸ್ಟ್ರೆಸ್ ಕಂಪನಿಯ ಕಾಗದ ಹಿಡಿದು ಬಂದು ಇಲ್ಲಿ ಕೂಗಾಡಿ ಹೋದ ದಿನ.

ಕಾನ್ಸ್‌ಟೇಬಲ್ ಬಂಪರನ್ನು ಬೆಳಕಿಗೆ ಎಳೆದ. ಬಲ ಮೂಲೆಯಲ್ಲಿ ಗೇಣುದ್ದದ ಸೀಳು. ಹೆಡ್ ಕಾನ್ಸ್‌ಟೇಬಲ್ ಕುಕ್ಕರುಗಾಲಲ್ಲಿ ಕೂತು ಸೀಳಿನೊಳಗೆ ಇಣುಕಿದರು. ಎರಡು ಪೊರಕೆ ಕಡ್ಡಿಗಳು ಅದರಲ್ಲಿ ಸಿಕ್ಕಿಕೊಂಡಿದ್ದವು. ಕೈಗಾಡಿಯ ಮುಂದೆ ಪೊರಕೆ ಸಿಕ್ಕಿಸಿಕೊಂಡು ಹೋಗುವುದು ಗುಡಿಸುವವರ ರೂಢಿ.

"ನಮ್ಮ ಗೇಟಿನ ಕಂಬಕ್ಕೆ ಪೊರಕೆ ಇಲ್ಲ," ಎಂದರು ಹೆಡ್‌ಮಿಸ್ಟ್ರೆಸ್.

ಇನ್‌ಸ್ಪೆಕ್ಟರ್ ಮಾಲೀಕನನ್ನು ಪಕ್ಕಕ್ಕೆ ಕರೆದರು. ದನಿ ಏರಿಸಲಿಲ್ಲ.

"ಐದನೇ ತಾರೀಖು ಬೆಳಗ್ಗೆ ಈ ಕಾರು ಒಬ್ಬ ಹೆಂಗಸಿನ ಕಾಲು ಮುರಿದಿದೆ. ಈಗಲೂ ಬಂದಿದ್ದೇ ಹಾಗೆ ಅಂತೀರಾ?"

ಮಾಲೀಕನ ಸೊಕ್ಕೆಲ್ಲ ಒಂದೇ ಗಳಿಗೆಯಲ್ಲಿ ಇಳಿಯಿತು. ಅವನು ಸುಳ್ಳು ಹೇಳಿದ್ದು ಬೇರೆ ಕಾರಣಕ್ಕೆ. ಈ ಕಸುಬಿನಲ್ಲಿ ಒಂದು ಚಾಳಿಯಿದೆ. ಕಾರು ವಿಮೆಗೆ ಬಂತೆಂದರೆ ಹಳೆಯ ಗೀರು, ಹಳೆಯ ತಗ್ಗು ಎಲ್ಲವನ್ನೂ ಅದೇ ಅಪಘಾತದ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಗಿರಾಕಿಗೂ ಖುಷಿ, ಗ್ಯಾರೇಜಿಗೂ ಕೆಲಸ.

"ಬಲಗಡೆದೂ ಇದೆ, ಅದನ್ನೂ ಸೇರಿಸಿದೀನಿ ಅಂದ ನಮ್ಮ ಹೆಡ್ ಮೆಕ್ಯಾನಿಕ್ಕು. ಹಳೇದು ಇರ್ಬೇಕು ಅಂದ್ಕೊಂಡೆ ಸರ್. ಎಲ್ಲಾ ಗಿರಾಕಿಗಳೂ ಕೈ ಮುಗಿದು ಕೇಳ್ತಾರೆ, ಸೇರಿಸಿ ಅಂತ."

"ನಾನು ಕೇಳಿದ್ನಾ?" ಎಂದರು ಹೆಡ್‌ಮಿಸ್ಟ್ರೆಸ್, ದೂರದಿಂದಲೇ. ಅವರ ಕಿವಿ ಚುರುಕಾಗಿತ್ತು.

"ನೀವೊಬ್ರೇ ಮೇಡಂ ಕೇಳದೇ ಇದ್ದೋರು."

"ಹೆಡ್ ಮೆಕ್ಯಾನಿಕ್ ಯಾರು?" ಎಂದರು ಇನ್‌ಸ್ಪೆಕ್ಟರ್.

ಮಾಲೀಕ ಲಿಫ್ಟಿನ ಕಡೆ ಕೈ ತೋರಿಸಿದ. ಐವತ್ತೈದರ ಆಸುಪಾಸಿನ, ನರೆತ ಮೀಸೆಯ ಒಬ್ಬ ಮನುಷ್ಯ ಒಂದು ಇಂಜಿನ್ನಿನ ಮೇಲೆ ಬಗ್ಗಿದ್ದ. ಊರಿಗೆಲ್ಲ ಅವನು 'ಡಾಕ್ಟರ್'. ಇಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರ್ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ರೋಗ ಇಂಥದೇ ಎಂದು ಹೇಳುವವನು. ಬೇರೆ ಗ್ಯಾರೇಜುಗಳು ಕೈಬಿಟ್ಟ ಗಾಡಿಗಳು ಅವನನ್ನು ಹುಡುಕಿಕೊಂಡು ಬರುತ್ತಿದ್ದವು. ಇಷ್ಟು ಹೊತ್ತಿನ ರಂಪದಲ್ಲಿ ಅವನು ಒಂದು ಸಲವೂ ತಲೆ ಎತ್ತಿರಲಿಲ್ಲ.

"ಟ್ರಯಲ್‌ಗೆ ಗಾಡಿ ಹೊರಗೆ ತಗೊಂಡು ಹೋಗೋರು ಯಾರು?"

"ಅವನೊಬ್ಬನೇ. ಎರಡು ತಿಂಗಳಿಂದ ಬೆಳಗ್ಗೆ ಐದೂವರೆಗೇ ಬರ್ತಾನೆ. ಬೀಗದ ಕೈ ಅವನ ಹತ್ರಾನೇ ಇದೆ. ಗಲಾಟೆ ಇಲ್ಲದಾಗ ಶಬ್ದ ಚೆನ್ನಾಗಿ ಸಿಗುತ್ತೆ ಅಂತಾನೆ."

ಹೆಡ್ ಕಾನ್ಸ್‌ಟೇಬಲ್ ಲಿಫ್ಟಿನ ಕಡೆ ನಡೆದರು. ಹಿಂದಿನಿಂದ ಹೋಗಿ ಎರಡು ಮಾರು ದೂರದಲ್ಲಿ ನಿಂತು, "ರೀ, ಇಲ್ಲಿ ಬನ್ನಿ" ಎಂದರು. ಅವನು ತಿರುಗಲಿಲ್ಲ. ಇನ್ನೊಂದು ಸಲ ಕರೆದರು. ಎಷ್ಟು ಸೊಕ್ಕು ನೋಡಿ ಎಂಬಂತೆ ಕಾನ್ಸ್‌ಟೇಬಲ್ ಮುಂದೆ ನುಗ್ಗಲು ಹೊರಟ. ಹೆಡ್ ಕಾನ್ಸ್‌ಟೇಬಲ್ ಅವನನ್ನು ತಡೆದು, ಮೆಕ್ಯಾನಿಕನ ಪಕ್ಕದ ಟ್ರೇಯಿಂದ ಆ ಉದ್ದ ಸ್ಕ್ರೂಡ್ರೈವರನ್ನು ಎತ್ತಿಕೊಂಡರು. ಹಳದಿ ಪ್ಲಾಸ್ಟಿಕ್ಕಿನ ಹಿಡಿ. ಅದರ ತುದಿಯ ಸುತ್ತ ಸಣ್ಣ ಸಣ್ಣ ತಗ್ಗುಗಳು, ಕೆಲವು ಹಳೆಯವು, ಕೆಲವು ತೀರಾ ಹೊಸವು. ಹಲ್ಲಿನ ಗುರುತು.

ಹೆಡ್ ಕಾನ್ಸ್‌ಟೇಬಲ್ ಅವರ ಮಾವನವರಿಗೆ ಕೊನೆಯ ವರ್ಷಗಳಲ್ಲಿ ಕಿವಿ ಹೋಗಿತ್ತು. ರೇಡಿಯೋದ ಮೂಲೆಗೆ ದವಡೆ ಒತ್ತಿ ಹಿಡಿದು ಕೇಳುತ್ತಿದ್ದರು. ಕಿವಿಗೆ ಬಾರದ್ದು ಮೂಳೆಗೆ ಬರುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಂತೆ.

ಅವರು ಸುತ್ತು ಬಂದು ಅವನ ಎದುರು ನಿಂತರು. ಅವನು ತಲೆ ಎತ್ತಿದ. ಕಣ್ಣು ಅವರ ಕಣ್ಣಿಗೆ ಬರಲಿಲ್ಲ, ತುಟಿಗೆ ಹೋಗಿ ನಿಂತಿತು.

"ನೀವೇನಾ ಡಾಕ್ಟರ್?"

"ಹಾಗಂತಾರೆ."

"ಟೀಚರ್ ಕಾರಲ್ಲಿ ಏನೋ ಶಬ್ದ ಇತ್ತಂತೆ. ಸಿಕ್ತಾ?"

"ಸಿಗುತ್ತೆ. ನನ್ನ ಕೈಲಿ ಸಿಗದೇ ಇರೋ ಶಬ್ದ ಇಲ್ಲ."

"ಆಡ್ಕೋತಿದಾರೆ. ಡಾಕ್ಟರ್ ಕೈಗುಣ ಹೋಯ್ತು, ಮೂರು ವಾರ ಆದ್ರೂ ರೋಗ ಗೊತ್ತಾಗಿಲ್ಲ ಅಂತ."

ಅವನ ಮೀಸೆ ಅದುರಿತು. ಒರೆಸುವ ಬಟ್ಟೆಯನ್ನು ಟ್ರೇಗೆ ಎಸೆದ.

"ಯಾರು ಹೇಳಿದ್ದು? ಓಡೋ ಗಾಡೀಲಿ ಕೂತು ಕೇಳ್ಬೇಕು. ನಿಂತಿರೋ ಗಾಡಿ ಹತ್ರ ನಿಂತು ಯಾರು ಬೇಕಾದ್ರೂ ಮಾತಾಡ್ತಾರೆ."

"ಹೇಗೆ ಕೇಳ್ತೀರಿ? ತೋರಿಸಿ, ನೋಡೋಣ."

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಎಚ್ಚೆತ್ತುಕೊಳ್ಳುತ್ತಿದ್ದರು. ಆದರೆ ಅವನ ಕಸುಬಿನ ಮೇಲೆ ಮಾತು ಬಂದಿತ್ತು; ಅದಕ್ಕಿಂತ ದೊಡ್ಡದು ಅವನಿಗೆ ಬೇರೆ ಇರಲಿಲ್ಲ. ದಾಪುಗಾಲು ಹಾಕಿ ಹೋಗಿ ಬೂದು ನೀಲಿ ಕಾರಿನಲ್ಲಿ ಕೂತ. ಇಂಜಿನ್ ಚಾಲೂ ಮಾಡಿದ. ನಾಲ್ಕೂ ಗಾಜು ಏರಿಸಿದ. ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಬಗ್ಗಿ, ಎಡ ದವಡೆಯ ಮೂಳೆಯನ್ನು ಅದರ ಮೇಲಿನ ಅಂಚಿಗೆ ಒತ್ತಿದ. ಕಣ್ಣು ಮುಚ್ಚಿದ. ಗಾಜಿನಾಚೆಯಿಂದ ನೋಡುವವರಿಗೆ ಒಬ್ಬ ಮನುಷ್ಯ ಸ್ಟೀರಿಂಗಿನ ಮೇಲೆ ತಲೆ ಇಟ್ಟು ನಿದ್ದೆ ಹೋದಂತೆಯೇ ಕಂಡಿತು.

ಇನ್‌ಸ್ಪೆಕ್ಟರ್ ಕಾರಿನ ಮುಂದೆ ಹೋಗಿ ನಿಂತು, ಎರಡೂ ಕೈ ಎತ್ತಿ ಗಟ್ಟಿಯಾಗಿ ಕೂಗಿದರು. ಶೆಡ್ಡಿನ ತಗಡಿನ ಮೇಲಿದ್ದ ಪಾರಿವಾಳಗಳು ಹಾರಿಹೋದವು. ಒಳಗಿದ್ದವನು ಕಣ್ಣು ತೆರೆಯಲಿಲ್ಲ.

ಅವನ ಹೆಸರಿನ ಕಬ್ಬಿಣದ ಪೆಟ್ಟಿಗೆ ಬಟ್ಟೆ ಬದಲಿಸುವ ಕೋಣೆಯಲ್ಲಿತ್ತು. ಬೀಗ ತೆಗೆಸಿ, ಮಾಲೀಕ ಮತ್ತು ಸರ್ವೇಯರನನ್ನೇ ಪಂಚರನ್ನಾಗಿಸಿ, ಮಧ್ಯಾಹ್ನ ಎರಡು ನಲವತ್ತಕ್ಕೆ ಪಂಚನಾಮೆ ಶುರುವಾಯಿತು. ಎರಡು ಜೊತೆ ಕೆಲಸದ ಬಟ್ಟೆ. ಕಿವಿಗೆ ಬಿಡುವ ಔಷಧಿಯ ಏಳು ಖಾಲಿ ಬಾಟಲಿ. ಎಲ್ಲಕ್ಕಿಂತ ಕೆಳಗೆ, ಹಳೇ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿದ ಬಲ ಹೆಡ್‌ಲೈಟ್. ತಂತಿಯ ಚೀಟಿ ಹಾಗೇ ಇತ್ತು. ಗಾಡಿಯ ನಂಬರು, ಯಜಮಾನರ ವಿಳಾಸ, ಎಲ್ಲವೂ ದುಂಡಗಿನ ಅಕ್ಷರದಲ್ಲಿ. ಕಡತದಿಂದ ತಂದಿದ್ದ ಮೂರು ಚೂರುಗಳಲ್ಲಿ ದೊಡ್ಡದನ್ನು ಕಾನ್ಸ್‌ಟೇಬಲ್ ಒಡೆದ ಅಂಚಿಗೆ ಹಿಡಿದ. ಸರಿಯಾಗಿ ಕೂತಿತು. ಉಳಿದದ್ದನ್ನು ಪ್ರಯೋಗಾಲಯದವರು ನೋಡಲಿ ಎಂದು ಎಲ್ಲವನ್ನೂ ಚೀಲಕ್ಕೆ ಹಾಕಿ ಅರಗಿನ ಮೊಹರು ಒತ್ತಿದರು.

"ಇದನ್ನ ಗುಜರಿಗೆ ಎಸೆದಿದ್ರೆ ನಮಗೆ ಸಿಕ್ತಾನೇ ಇರ್ಲಿಲ್ಲ," ಎಂದರು ಇನ್‌ಸ್ಪೆಕ್ಟರ್, ಅವನಿಗೆ ತುಟಿ ಕಾಣುವಂತೆ ಎದುರು ನಿಂತು. "ಯಾಕೆ ಇಟ್ಕೊಂಡ್ರಿ?"

"ಅದು ಗಿರಾಕಿ ಸಾಮಾನು ಸರ್. ಸಹಿ ಆಗಿಲ್ಲ."

ಇನ್‌ಸ್ಪೆಕ್ಟರ್ ಅವನ ಮುಖವನ್ನೇ ನೋಡಿದರು. ಅವನು ತಮಾಷೆ ಮಾಡುತ್ತಿರಲಿಲ್ಲ. ಒಬ್ಬಳ ಕಾಲು ಮುರಿದು ಓಡಿಹೋಗಬಲ್ಲ ಮನುಷ್ಯನಿಗೆ, ಸಹಿಯಾಗದ ಹಳೇ ಹೆಡ್‌ಲೈಟನ್ನು ಬಿಸಾಡುವುದು ಮಾತ್ರ ಸಾಧ್ಯವಾಗಿರಲಿಲ್ಲ. ಇನ್‌ಸ್ಪೆಕ್ಟರಿಗೆ ಸಿಟ್ಟು ಬಂತು, ಮತ್ತು ಆ ಸಿಟ್ಟಿನಲ್ಲಿ ಅರ್ಧ ತಮ್ಮ ಮೇಲೆಯೇ ಎಂದು ಅವರಿಗೆ ಗೊತ್ತಿತ್ತು. ಇನ್ನು ಎರಡು ದಿನ ಕಳೆದಿದ್ದರೆ ಕಡತ ಮುಚ್ಚಿಹೋಗುತ್ತಿತ್ತು.

ಸಂಜೆ ನಾಲ್ಕು ಐವತ್ತಕ್ಕೆ ದಸ್ತಗಿರಿ. ನಿಯಮದಂತೆ ಮನೆಯವರಿಗೆ ತಿಳಿಸಲು ಹೆಡ್ ಕಾನ್ಸ್‌ಟೇಬಲ್ ಹೋದರು. ಅವನ ಹೆಂಡತಿ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಅಳಲಿಲ್ಲ.

"ಕಿವಿ ಕೇಳಲ್ವಾ?" ಎಂದಳು.

"ನಿಮಗೆ ಗೊತ್ತಿರ್ಲಿಲ್ವಾ?"

"ಒಂದು ವರ್ಷದಿಂದ ನಾನು ಕರೆದ್ರೆ ಓ ಅನ್ನಲ್ಲ. ಯಾವುದೋ ಮಾತಿಗೆ ಕೋಪ ಇಟ್ಕೊಂಡಿದಾರೆ ಅಂದ್ಕೊಂಡೆ. ನನಗೂ ರೋಸಿಹೋಯ್ತು, ನಾನೂ ಮಾತು ಬಿಟ್ಟೆ. ಒಂದೇ ಮನೇಲಿ ಇಬ್ಬರೂ ಮೂಗರ ಹಾಗೆ ಇದ್ವಿ."

ಠಾಣೆಯಲ್ಲಿ ಅವನ ಹೇಳಿಕೆಯನ್ನು ಬರೆದುಕೊಳ್ಳಲು ಒಂದೂವರೆ ಗಂಟೆ ಹಿಡಿಯಿತು. ಕೆಲವು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದು ತೋರಿಸಬೇಕಾಯಿತು. ಎರಡು ವರ್ಷದ ಹಿಂದೆ ಮೊದಲು ಸಣ್ಣ ಶಬ್ದಗಳು ಹೋದವು. ಆಮೇಲೆ ಮಾತು ಹೋಯಿತು. ಗ್ಯಾರೇಜಿನ ಗಲಾಟೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಅಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ. ಇಂಜಿನ್ನಿನ ಶಬ್ದವನ್ನು ಹಲ್ಲಿನಲ್ಲಿ, ದವಡೆಯಲ್ಲಿ ಹಿಡಿಯಲು ಕಲಿತ. ಸುತ್ತಮುತ್ತ ಅಲುಗಾಟ ಇಲ್ಲದಾಗ ಚೆನ್ನಾಗಿ ಸಿಗುತ್ತಿದ್ದುದರಿಂದ ಬೆಳಗಿನ ಜಾವ ಗಾಡಿ ತೆಗೆಯತೊಡಗಿದ.

"ಕಿವಿ ಹೋಯ್ತು ಅಂತ ಹೇಳಿ ಬೇರೆ ಕೆಲಸ ಮಾಡಬಹುದಿತ್ತು," ಎಂದು ಇನ್‌ಸ್ಪೆಕ್ಟರ್ ಬರೆದು ತೋರಿಸಿದರು.

"ನನ್ನ ಹೆಸರು ಈ ಊರಲ್ಲಿ ಎಷ್ಟು ಜನಕ್ಕೆ ಗೊತ್ತು ಸರ್? ಡಾಕ್ಟರ್ ಅಂತಾರೆ. ಕಿವಿ ಹೋಯ್ತು ಅಂತ ಗೊತ್ತಾದ್ರೆ ಮಾರನೇ ದಿನ ಏನಂತಾರೆ? ಕಿವುಡ ಅಂತಾರೆ. ಅದೇ ಜನ, ಅದೇ ಬಾಯಿ."

ಅಪಘಾತದ ಬಗ್ಗೆ ಅವನು ಹೇಳಿದ್ದು ಇಷ್ಟು. ಶಬ್ದದ ಮೇಲೆ ಗಮನ ಇತ್ತು. ಏನೋ ತಾಗಿದಂತಾಯಿತು. ಖಾಲಿ ಡ್ರಮ್ಮು ಇರಬೇಕು ಅಂದುಕೊಂಡು ಮುಂದೆ ಹೋದೆ. ಗ್ಯಾರೇಜಿಗೆ ಬಂದು ನೋಡಿದರೆ ಬಲಗಡೆ ಒಡೆದಿತ್ತು. ಹೇಗಿದ್ದರೂ ವಿಮೆಯ ಗಾಡಿ, ಅದರಲ್ಲೇ ಸೇರಿಸಿದರೆ ಟೀಚರಿಗೂ ನಷ್ಟ ಇಲ್ಲ ಎಂದು ಸುತ್ತು ಹಾಕಿದೆ. ಹೆಂಗಸಿಗೆ ಪೆಟ್ಟಾಗಿದೆ ಎಂದು ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಅಷ್ಟರಲ್ಲಿ ಹೇಳುವ ಹೊತ್ತು ಮೀರಿತ್ತು.

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. ಮನುಷ್ಯ ಕೆಟ್ಟವನಲ್ಲ, ಹೆಸರಿನ ಮೋಹಕ್ಕೆ ಬಿದ್ದು ಕೆಟ್ಟ ಎಂದು ಅವರಿಗೆ ಅನ್ನಿಸಿತು. ಕೇಳಲಿಲ್ಲ, ಗೊತ್ತಾಗಲಿಲ್ಲ, ನಂಬುವಂಥ ಮಾತೇ.

ಮಂಗಳವಾರ ಬೆಳಗ್ಗೆ ಒಂಬತ್ತೂವರೆಗೆ ಹೆಡ್ ಕಾನ್ಸ್‌ಟೇಬಲ್ ಗುಡಿಸುವ ಹೆಂಗಸಿನ ಮನೆಗೆ ಹೋದರು. ಒಂದೇ ಕೋಣೆ. ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಅವಳು ಗೋಡೆಗೆ ಒರಗಿದ್ದಳು. ಪಕ್ಕದಲ್ಲಿ ಅವಳ ಅಕ್ಕ ಬಟ್ಟೆ ಮಡಚುತ್ತಿದ್ದಳು. ಖಾಕಿ ಬಂದರೂ ಏಳಲಿಲ್ಲ, ಕೂತ್ಕೊಳ್ಳಿ ಎನ್ನಲಿಲ್ಲ.

ಹೆಡ್ ಕಾನ್ಸ್‌ಟೇಬಲ್ ನಿಂತೇ ಹೇಳಿದರು. ಕಾರು ಸಿಕ್ಕಿದೆ, ಮನುಷ್ಯ ಸಿಕ್ಕಿದ್ದಾನೆ, ನಗರಸಭೆಗೆ ಠಾಣೆಯಿಂದ ಕಾಗದ ಹೋಗಿದೆ, ಇಪ್ಪತ್ತೆಂಟರ ವಿಚಾರಣೆಯಲ್ಲಿ ಮೇಸ್ತ್ರಿಯೇ ಉತ್ತರ ಕೊಡಬೇಕಾಗುತ್ತದೆ. ಮಲಗಿದ್ದ ಎಂದದ್ದು ಸುಳ್ಳಲ್ಲ, ಯಾಕೆ ಹಾಗೆ ಕಂಡಿತು ಎಂದೂ ವಿವರಿಸಿದರು. ಅವನಿಗೆ ಕಿವಿ ಕೇಳುವುದಿಲ್ಲ, ನೀವು ಕೂಗಿದ್ದು ಅವನಿಗೆ ಗೊತ್ತೇ ಆಗಿಲ್ಲ ಎಂದರು. ದನಿಯಲ್ಲಿ ಸ್ವಲ್ಪ ಮರುಕ ಇತ್ತೇನೋ.

"ಕಿವಿ ಕೇಳಲ್ಲ, ಸರಿ," ಎಂದಳು ಅವಳು. "ಕಣ್ಣಿಗೇನಾಗಿತ್ತು?"

"ಕಣ್ಣು ಮುಚ್ಚಿದ್ದ."

"ಗುದ್ದೋವಾಗ ಮುಚ್ಚಿದ್ದ. ಗುದ್ದಿದ ಮೇಲೆ ಮುಂದೆ ಹೋಗಿ ನಿಂತ. ಹಿಂದಿನ ಕೆಂಪು ದೀಪ ಹತ್ತಿತು. ತಲೆ ಎತ್ತಿ ಒಳಗಿನ ಕನ್ನಡೀಲಿ ನೋಡ್ದ. ನಾನು ಗಾಡಿ ಕೆಳಗೆ ಬಿದ್ದಿದ್ದೆ, ಕೈ ಎತ್ತಿದೆ. ಅವನು ನೋಡ್ತಾನೇ ಇದ್ದ. ನಾನು ಹತ್ತು ಎಣಿಸೋಷ್ಟು ಹೊತ್ತು. ಆಮೇಲೆ ದೀಪ ಆರಿತು, ಹೋದ."

ಬಟ್ಟೆ ಮಡಚುತ್ತಿದ್ದ ಅಕ್ಕನ ಕೈ ನಿಂತಿತು.

"ಇದನ್ನ ಆವತ್ತೇ ಯಾಕೆ ಹೇಳ್ಲಿಲ್ಲ?" ಎಂದರು ಹೆಡ್ ಕಾನ್ಸ್‌ಟೇಬಲ್.

"ಹೇಳೋಕೆ ಎಲ್ಲಿ ಬಿಟ್ರಿ? ಮಲಗಿದ್ದ ಅಂದೆ. ನೀವು ಬರೆಯೋದು ನಿಲ್ಲಿಸಿ ನಕ್ರಿ. ಆಮೇಲೆ ಕಾಗದ ಮಡಚಿ, ಇಲ್ಲಿ ಹೆಬ್ಬೆಟ್ಟು ಒತ್ತು ಅಂದ್ರಿ."

ಆಸ್ಪತ್ರೆಯ ಆ ಮಂಚದ ಪಕ್ಕ ಕೂತು ಹೇಳಿಕೆ ಬರೆದುಕೊಂಡದ್ದು ತಾನೇ ಎಂಬುದು ಹೆಡ್ ಕಾನ್ಸ್‌ಟೇಬಲಿಗೆ ಮರೆತಿರಲಿಲ್ಲ. ಅವಳಿಗೂ ಮರೆತಿರಲಿಲ್ಲ ಎಂಬುದು ಈಗ ಗೊತ್ತಾಯಿತು. ಅವರು ಟೋಪಿ ತೆಗೆದು ನೆಲದ ಮೇಲೆ ಕೂತರು. ಮರುಹೇಳಿಕೆಯ ಹೊಸ ಹಾಳೆ ತೆಗೆದು, ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದರು. ಹತ್ತು ಎಣಿಸುವಷ್ಟು ಹೊತ್ತು ಎಂಬುದನ್ನೂ ಬರೆದರು. ಬರೆದದ್ದನ್ನು ಓದಿ ಹೇಳಿ, ಶಾಯಿಯ ಪ್ಯಾಡನ್ನು ಅವಳ ಕಡೆ ಸರಿಸಿದರು.

ಅವಳು ಹೆಬ್ಬೆರಳು ಎತ್ತಲಿಲ್ಲ.

"ಇನ್ನೊಂದ್ಸಲ ಓದಿ," ಎಂದಳು. "ನಿಧಾನಕ್ಕೆ."

ಹೆಡ್ ಕಾನ್ಸ್‌ಟೇಬಲ್ ಮೊದಲಿನಿಂದ ಓದಿದರು.